ಗುಂಗುರು ರೋಮದ ಡೆವನ್ ರೆಕ್ಸ್ ಬೆಕ್ಕು: ಸ್ವಭಾವ ಮತ್ತು ಪಾಲನಾ ಕ್ರಮ (ಕಾರವಾರ ಹಾಗೂ ಅಂಕೋಲಾ ತಾಲ್ಲೂಕುಗಳ ಸಾಕಣೆದಾರರ ಮಾಹಿತಿಗಾಗಿ)

1. ಪೀಠಿಕೆ

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಮನೆಗಳಲ್ಲಿ ಬೆಕ್ಕು ಸಾಕುವುದು ಹೊಸ ಸಂಗತಿಯಲ್ಲ. ಮೀನುಗಾರರ ಕೇರಿಯಲ್ಲಿ, ತೆಂಗಿನ ತೋಟದ ಮನೆಯಲ್ಲಿ, ಭತ್ತದ ಕಣಜವಿರುವ ಮನೆಯಲ್ಲಿ ನಾಡು ಬೆಕ್ಕು ತಲೆಮಾರುಗಳಿಂದ ಇದೆ. ಇದರ ಜೊತೆಗೆ ವಿದೇಶಿ ತಳಿಯ ಬೆಕ್ಕುಗಳನ್ನು ಸಾಕಲು ಬಯಸುವವರೂ ಇದ್ದಾರೆ. ನೌಕಾನೆಲೆ, ಕೈಗಾ ಅಣು ವಿದ್ಯುತ್ ಕೇಂದ್ರ ಮೊದಲಾದ ಕಡೆಗಳಿಗೆ ಬೇರೆ ರಾಜ್ಯಗಳಿಂದ ವರ್ಗಾವಣೆಯಾಗಿ ಬರುವ ಕುಟುಂಬಗಳು ಹಾಗೂ ವಿದೇಶದಿಂದ ಊರಿಗೆ ಮರಳುವವರು ತಮ್ಮ ಸಾಕುಪ್ರಾಣಿಯನ್ನು ಜೊತೆಯಲ್ಲಿ ತರುವುದುಂಟು.

ಇಂತಹ ತಳಿಗಳಲ್ಲಿ ಗುಂಗುರು ರೋಮದ ಡೆವನ್ ರೆಕ್ಸ್ ಒಂದು. ಇದರ ರೋಮ ಗಿಡ್ಡ ಹಾಗೂ ತೆಳುವಾಗಿರುವುದರಿಂದ ಆರೈಕೆಯ ಕೆಲಸ ಕಡಿಮೆ ಮತ್ತು ಅಲರ್ಜಿಯ ತೊಂದರೆ ಇಲ್ಲ ಎಂಬ ತಪ್ಪು ಕಲ್ಪನೆ ಜನರಲ್ಲಿದೆ. ವಾಸ್ತವದಲ್ಲಿ ರೋಮ ತೆಳುವಾದಷ್ಟೂ ಚರ್ಮದ ಕಾಳಜಿ ಹೆಚ್ಚಬೇಕಾಗುತ್ತದೆ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ ಈ ಕರಾವಳಿಯಲ್ಲಿ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಸಾರ್ವಜನಿಕರು ಬೆಕ್ಕನ್ನು ಮನೆಗೆ ತರುವ ಮುನ್ನವೇ ತಿಳಿದಿರಬೇಕಾದ ವಿಷಯಗಳನ್ನು ಈ ಪುಟದಲ್ಲಿ ನೀಡಲಾಗಿದೆ.

2. ತಳಿಯ ಹಿನ್ನೆಲೆ

ಗುಂಗುರು ರೋಮದ ಬೆಕ್ಕುಗಳಿಗೆ ಸಾಮಾನ್ಯವಾಗಿ ‘ರೆಕ್ಸ್’ ಎಂಬ ಹೆಸರು ಸೇರಿಕೊಂಡಿರುತ್ತದೆ. ಇದು ಇದೇ ಹೆಸರಿನ ಮೊಲದ ತಳಿಯಿಂದ ಬಂದಿದೆ. ಮೊದಲನೆಯದಾದ ಕಾರ್ನಿಷ್ ರೆಕ್ಸ್ 1950ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ ಹುಟ್ಟಿದ ಕಲಿಬಂಕರ್ ಎಂಬ ಮರಿಯಿಂದ ಬೆಳೆಯಿತು. ಅದರ ನೆರೆಯ ಡೆವನ್ ಪ್ರಾಂತ್ಯದ ಬಕ್‌ಫಾಸ್ಟ್‌ಲಿ ಎಂಬಲ್ಲಿ 1960ರ ಸುಮಾರಿಗೆ ಕರ್ಲೀ ಎಂಬ ಇನ್ನೊಂದು ಗುಂಗುರು ಮರಿ ದೊರೆಯಿತು. ಎರಡೂ ಒಂದೇ ತಳಿಯಿರಬಹುದೆಂದು ಭಾವಿಸಿ ಕೂಡಿಸಿದಾಗ ಹುಟ್ಟಿದ ಮರಿಗಳೆಲ್ಲವೂ ನೇರ ರೋಮದವಾಗಿದ್ದವು. ಎರಡು ತಳಿಗಳ ಗುಂಗುರಿಗೆ ಕಾರಣವಾದ ವಂಶವಾಹಿಗಳು ಬೇರೆ ಬೇರೆ ಎಂಬುದು ಇದರಿಂದ ತಿಳಿದುಬಂತು. ಕರ್ಲೀಯ ವಂಶವೇ ಡೆವನ್ ರೆಕ್ಸ್.

ಅಮೆರಿಕದಲ್ಲಿ 1982ರಲ್ಲಿ ಕಂಡುಬಂದ ಲಾಪರ್ಮ್ ಮತ್ತು 1987ರಲ್ಲಿ ಕಂಡುಬಂದ ಸೆಲ್ಕರ್ಕ್ ರೆಕ್ಸ್ ಇತರ ಗುಂಗುರು ತಳಿಗಳು. ಈ ನಾಲ್ಕು ತಳಿಗಳಲ್ಲಿ ಯಾವುದೂ ಭಾರತ ಮೂಲದ್ದಲ್ಲ. ಆದ್ದರಿಂದ ನಾಡು ಬೆಕ್ಕಿನ ಮರಿಯ ರೋಮ ಅಲ್ಲಲ್ಲಿ ಉದುರಿ ಒರಟಾಗಿ ಕಂಡಲ್ಲಿ ಅದನ್ನು ‘ರೆಕ್ಸ್’ ಎಂದು ನಂಬಿ ಖರೀದಿಸಬಾರದು. ಅಂತಹ ಮರಿಗೆ ಚರ್ಮರೋಗವಿರುವ ಸಂಭವವೇ ಹೆಚ್ಚು.

3. ದೇಹ ಲಕ್ಷಣಗಳು

ಡೆವನ್ ರೆಕ್ಸ್ ಬೆಕ್ಕು ಮಧ್ಯಮ ಗಾತ್ರದ್ದಾಗಿದ್ದು, ಸಾಮಾನ್ಯವಾಗಿ 2.5 ರಿಂದ 4.5 ಕೆ.ಜಿ. ತೂಗುತ್ತದೆ. ಕಿವಿಗಳು ಅಗಲವಾಗಿದ್ದು ತಲೆಯ ಬದಿಯಲ್ಲಿ ಕೆಳಗೆ ಕೂತಂತೆ ಇರುತ್ತವೆ. ಕಣ್ಣುಗಳು ದೊಡ್ಡವು, ಮುಖ ಚಿಕ್ಕದು, ಕುತ್ತಿಗೆ ಸಪೂರ. ಬೆಕ್ಕಿನ ರೋಮದಲ್ಲಿ ಹೊರಗೂದಲು, ನಡುಗೂದಲು ಮತ್ತು ಒಳಗೂದಲು ಎಂಬ ಮೂರು ಬಗೆಗಳಿರುತ್ತವೆ. ಡೆವನ್ ರೆಕ್ಸ್‌ನಲ್ಲಿ ಈ ಮೂರೂ ಇದ್ದರೂ ಗಿಡ್ಡವಾಗಿ, ಸುರುಳಿಯಾಗಿ, ಸುಲಭವಾಗಿ ಮುರಿಯುವಂತಿರುತ್ತವೆ. ಮೀಸೆಯ ಕೂದಲು ಸಹ ಡೊಂಕಾಗಿದ್ದು ತುಂಡಾಗುತ್ತಿರುತ್ತದೆ. ಇದು ರೋಗವಲ್ಲ.

ಮರಿಗಳು ಬೆಳೆಯುವಾಗ ಕೆಲವು ವಾರಗಳ ಕಾಲ ರೋಮ ಬಹುತೇಕ ಉದುರಿ ಮತ್ತೆ ಬರುವುದು ಈ ತಳಿಯ ಸಹಜ ಗುಣ. ಆದರೆ ಹುಳುಕಡ್ಡಿ (ಗಜಕರ್ಣ) ರೋಗದಲ್ಲಿಯೂ ರೋಮ ಉದುರುತ್ತದೆ. ಸಹಜವಾಗಿ ತೆಳುವಾದಲ್ಲಿ ಚರ್ಮ ನುಣುಪಾಗಿರುತ್ತದೆ. ಹುಳುಕಡ್ಡಿಯಲ್ಲಿ ಸಾಮಾನ್ಯವಾಗಿ ದುಂಡು ಆಕಾರದಲ್ಲಿ ರೋಮ ಹೋಗಿ ಹೊಟ್ಟು ಏಳುತ್ತದೆ. ಕಣ್ಣಳತೆಯಿಂದ ಮಾತ್ರ ಇವೆರಡನ್ನೂ ಖಚಿತವಾಗಿ ಬೇರ್ಪಡಿಸಲಾಗುವುದಿಲ್ಲವಾದ್ದರಿಂದ ಪಶುವೈದ್ಯರಿಂದ ರೋಮದ ಪರೀಕ್ಷೆ ಮಾಡಿಸತಕ್ಕದ್ದು.

4. ಸ್ವಭಾವ

ಈ ಬೆಕ್ಕು ಮನುಷ್ಯರ ಸಹವಾಸವನ್ನು ಬಹಳವಾಗಿ ಬಯಸುತ್ತದೆ. ಮನೆಯವರ ಹಿಂದೆಯೇ ತಿರುಗುವುದು, ಹೆಗಲ ಮೇಲೆ ಕೂರುವುದು, ಹೊದಿಕೆಯೊಳಗೆ ನುಸುಳುವುದು, ಅಡುಗೆಮನೆಯ ಕೆಲಸವನ್ನು ಹತ್ತಿರದಿಂದ ನೋಡುವುದು ಇದರ ಸಾಮಾನ್ಯ ನಡವಳಿಕೆ. ಪ್ರಾಯಕ್ಕೆ ಬಂದ ಮೇಲೂ ಮರಿಯಂತೆ ಆಡುತ್ತದೆ. ಎತ್ತರದ ಜಾಗಗಳನ್ನು ಹತ್ತುವುದರಲ್ಲಿ ಚುರುಕು. ಹಂಚಿನ ಮನೆಗಳಲ್ಲಿ ಅಟ್ಟ ಮತ್ತು ಜಂತಿಗಳವರೆಗೂ ಹೋಗುತ್ತದೆ. ತಿನಿಸಿನ ಆಸೆ ಹೆಚ್ಚಾಗಿದ್ದು, ತಟ್ಟೆಯಿಂದ ಕಸಿಯಲೂ ಹಿಂಜರಿಯುವುದಿಲ್ಲ. ಇದೇ ಆಸೆಯನ್ನು ಬಳಸಿಕೊಂಡು ಹೆಸರು ಹಿಡಿದು ಕರೆದಾಗ ಬರುವುದನ್ನೂ ಬುಟ್ಟಿಯೊಳಗೆ ತಾನಾಗಿ ಹೋಗುವುದನ್ನೂ ಸುಲಭವಾಗಿ ಕಲಿಸಬಹುದು.

ಮನೆಯವರೆಲ್ಲರೂ ಬೆಳಿಗ್ಗೆ ಹೋಗಿ ಸಂಜೆ ಬರುವ ಮನೆಯಲ್ಲಿ ಒಂಟಿಯಾಗಿ ಉಳಿಯುವ ಡೆವನ್ ರೆಕ್ಸ್ ಕಂಗೆಡುತ್ತದೆ. ಸತತವಾಗಿ ಕೂಗುವುದು, ತನ್ನ ಮೈಯನ್ನೇ ನೆಕ್ಕಿ ರೋಮ ಕೀಳುವುದು, ನಿಗದಿತ ಜಾಗ ಬಿಟ್ಟು ಬೇರೆಡೆ ಮೂತ್ರ ಮಾಡುವುದು ಇದರ ಲಕ್ಷಣಗಳಾಗಿರಬಹುದು. ಇದೇ ಲಕ್ಷಣಗಳು ಮೂತ್ರಕೋಶದ ಹಾಗೂ ಚರ್ಮದ ಕಾಯಿಲೆಗಳಲ್ಲಿಯೂ ಕಾಣುವುದರಿಂದ ಮೊದಲು ತಪಾಸಣೆ ಮಾಡಿಸಿ ನಂತರ ಸ್ವಭಾವದ ಕಾರಣವನ್ನು ಪರಿಗಣಿಸಬೇಕು. ಗಂಡು ಬೆಕ್ಕು ಮೂತ್ರಕ್ಕೆ ಮುಕ್ಕುತ್ತಿದ್ದು ಮೂತ್ರ ಬಾರದಿದ್ದಲ್ಲಿ ಅದು ತುರ್ತು ಸ್ಥಿತಿ. ಅದೇ ದಿನ ಆಸ್ಪತ್ರೆಗೆ ತರಬೇಕು.

ದಿನಕ್ಕೆ ಎರಡು ಬಾರಿ ಹತ್ತು ಹದಿನೈದು ನಿಮಿಷ ಆಟವಾಡಿಸುವುದು, ಹತ್ತಲು ಮರದ ಹಲಗೆಗಳನ್ನು ಗೋಡೆಗೆ ಬಿಗಿಯುವುದು ಮತ್ತು ಸಾಧ್ಯವಿದ್ದಲ್ಲಿ ಜೊತೆಗೆ ಇನ್ನೊಂದು ಬೆಕ್ಕನ್ನು ಸಾಕುವುದು ಉಪಯುಕ್ತ. ಜೊತೆಗಾರ ನಾಡು ಬೆಕ್ಕಾದರೂ ಅಡ್ಡಿಯಿಲ್ಲ. ಹೊಸ ಬೆಕ್ಕನ್ನು ಎರಡು ವಾರ ಬೇರೆ ಕೋಣೆಯಲ್ಲಿಟ್ಟು, ಆರೋಗ್ಯವನ್ನು ಖಚಿತಪಡಿಸಿಕೊಂಡು ಕ್ರಮೇಣ ಪರಿಚಯಿಸತಕ್ಕದ್ದು.

5. ಖರೀದಿಸುವ ಅಥವಾ ದತ್ತು ಪಡೆಯುವ ಮುನ್ನ

ಅ) ಮರಿಗೆ ಕನಿಷ್ಠ 8 ವಾರ ತುಂಬಿರಬೇಕು, 12 ವಾರದವರೆಗೆ ತಾಯಿಯೊಡನೆ ಇದ್ದ ಮರಿ ಹೆಚ್ಚು ಗಟ್ಟಿಯಾಗಿರುತ್ತದೆ.

ಆ) ತಾಯಿ ಬೆಕ್ಕನ್ನು ನೋಡದೆ, ಛಾಯಾಚಿತ್ರವನ್ನು ಮಾತ್ರ ನೋಡಿ ಮುಂಗಡ ಹಣ ಪಾವತಿಸಬಾರದು.

ಇ) ಸಾಕುಪ್ರಾಣಿ ಅಂಗಡಿಗಳು 2018ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ (ಸಾಕುಪ್ರಾಣಿ ಅಂಗಡಿ) ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಪಡೆದಿರಬೇಕು. ನೋಂದಣಿ ಪತ್ರವನ್ನು ತೋರಿಸುವಂತೆ ಖರೀದಿದಾರರು ಕೇಳಬಹುದು.

ಈ) ಲಸಿಕೆ ಪುಸ್ತಕ, ಜಂತುನಾಶಕ ನೀಡಿದ ದಿನಾಂಕ ಹಾಗೂ ತಂದೆ ತಾಯಿ ಬೆಕ್ಕುಗಳ ಆನುವಂಶಿಕ ಪರೀಕ್ಷೆಯ ವಿವರವನ್ನು ಬರವಣಿಗೆಯಲ್ಲಿ ಪಡೆಯಬೇಕು.

ಉ) ಮನೆಯಲ್ಲಿ ಯಾರಿಗಾದರೂ ಬೆಕ್ಕಿನ ಅಲರ್ಜಿ ಅಥವಾ ಅಸ್ತಮಾ ಇದ್ದಲ್ಲಿ, ಆ ವ್ಯಕ್ತಿ ಇದೇ ತಳಿಯ ಬೆಕ್ಕಿನೊಡನೆ ಕೆಲವು ಬಾರಿ ಕಾಲ ಕಳೆದ ನಂತರವೇ ನಿರ್ಧರಿಸುವುದು ಸೂಕ್ತ. ಅಲರ್ಜಿಗೆ ಮುಖ್ಯ ಕಾರಣ ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಒಂದು ಬಗೆಯ ಪ್ರೋಟೀನ್. ರೋಮ ಗುಂಗುರಾದ ಮಾತ್ರಕ್ಕೆ ಈ ಪ್ರೋಟೀನ್ ಇಲ್ಲವಾಗುವುದಿಲ್ಲ. ಈ ವಿಷಯವನ್ನು ಮೊದಲೇ ಪರಿಶೀಲಿಸದೆ ತಂದು ನಂತರ ಬೆಕ್ಕನ್ನು ಬಿಟ್ಟುಬಿಡಬೇಕಾದ ಪರಿಸ್ಥಿತಿ ಬಾರದಂತೆ ನೋಡಿಕೊಳ್ಳಬೇಕು.

6. ಕರಾವಳಿ ಹವಾಮಾನದಲ್ಲಿ ಚರ್ಮ ಮತ್ತು ರೋಮದ ಪಾಲನೆ

ತಂಪು ಪ್ರದೇಶಗಳಲ್ಲಿ ಈ ತಳಿಗೆ ಚಳಿಯೇ ಮುಖ್ಯ ತೊಂದರೆ. ಕಾರವಾರ, ಅಂಕೋಲಾಗಳಲ್ಲಿ ಚಳಿ ಹೆಚ್ಚಿಲ್ಲ. ಇಲ್ಲಿ ತೊಂದರೆ ಕೊಡುವುದು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಹಾಸಿಗೆ, ಬಟ್ಟೆ ಎಲ್ಲವೂ ತಣ್ಣಗೆ ಒದ್ದೆಯಾಗಿರುವ ಕಾಲದಲ್ಲಿ ಬೆಕ್ಕಿನ ಚರ್ಮದ ಮೇಲೆ ಶಿಲೀಂಧ್ರಗಳು ಬೆಳೆಯುತ್ತವೆ.

ಚರ್ಮದ ಜಿಡ್ಡು: ಎಲ್ಲ ಬೆಕ್ಕುಗಳ ಚರ್ಮದಲ್ಲಿಯೂ ಎಣ್ಣೆಯಂಶ ಸ್ರವಿಸುತ್ತದೆ. ದಟ್ಟ ರೋಮದ ಬೆಕ್ಕಿನಲ್ಲಿ ಅದು ರೋಮದುದ್ದಕ್ಕೂ ಹರಡಿಹೋಗುತ್ತದೆ. ಡೆವನ್ ರೆಕ್ಸ್‌ನಲ್ಲಿ ಹರಡಲು ರೋಮ ಸಾಲದೆ ಚರ್ಮದ ಮೇಲೆಯೇ ಉಳಿಯುತ್ತದೆ. ಕಂಕುಳು, ತೊಡೆಸಂದು, ಬೆರಳ ಸಂದು ಮತ್ತು ಉಗುರಿನ ಬುಡದಲ್ಲಿ ಕಂದು ಬಣ್ಣದ ಜಿಡ್ಡು ಕಾಣಿಸುತ್ತದೆ. ಮಲಸೇಜಿಯಾ ಎಂಬ ಯೀಸ್ಟ್ ಈ ಜಿಡ್ಡಿನಲ್ಲಿ ಬೆಳೆದರೆ ತುರಿಕೆ, ಕೆಂಪು ಮತ್ತು ಹಳಸಿದ ವಾಸನೆ ಉಂಟಾಗುತ್ತದೆ. ವಾರಕ್ಕೆ ಎರಡು ಬಾರಿ ಈ ಭಾಗಗಳನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒತ್ತಿ ತೇವ ತೆಗೆಯಬೇಕು.

ಸ್ನಾನ: ಜಿಡ್ಡು ಹೆಚ್ಚಿರುವ ಬೆಕ್ಕಿಗೆ ಕೆಲವು ವಾರಗಳಿಗೊಮ್ಮೆ ಸ್ನಾನ ಬೇಕಾಗಬಹುದು. ಅಂತರವನ್ನು ಪಶುವೈದ್ಯರು ಚರ್ಮ ನೋಡಿ ತಿಳಿಸುತ್ತಾರೆ. ಮನುಷ್ಯರ ಶಾಂಪೂ, ಸಾಬೂನು, ಸೀಗೆಪುಡಿ ಬಳಸಬಾರದು. ಮಳೆಗಾಲದಲ್ಲಿ ಸ್ನಾನ ಮಾಡಿಸಿದ ದಿನ ಬೆಕ್ಕು ಸಂಪೂರ್ಣ ಒಣಗುವವರೆಗೆ ಗಾಳಿ ಬೀಸದ ಬೆಚ್ಚನೆಯ ಕೋಣೆಯಲ್ಲಿರಿಸಬೇಕು. ಅರ್ಧ ಒಣಗಿದ ಚರ್ಮವು ಸ್ನಾನವಿಲ್ಲದ ಚರ್ಮಕ್ಕಿಂತ ಹೆಚ್ಚು ತೊಂದರೆಗೀಡಾಗುತ್ತದೆ.

ಬಾಚುವುದು: ತಂತಿಯ ಹಲ್ಲಿನ ಬ್ರಷ್‌ನಿಂದ ರೋಮ ತುಂಡಾಗಿ ಬೋಳು ಕಲೆಗಳಾಗುತ್ತವೆ. ಅಂಗೈಯಿಂದ ಅಥವಾ ಮೆತ್ತನೆಯ ಬಟ್ಟೆಯಿಂದ ರೋಮದ ದಿಕ್ಕಿನಲ್ಲಿ ಸವರಿದರೆ ಸಾಕು.

ಕಿವಿ: ಅಗಲ ಕಿವಿಗಳಲ್ಲಿ ಗುಗ್ಗೆ ಬೇಗ ಸೇರುತ್ತದೆ. ವಾರಕ್ಕೊಮ್ಮೆ ಹೊರಕಿವಿಯನ್ನು ಮಾತ್ರ ಹತ್ತಿಯಿಂದ ಒರೆಸಬೇಕು. ಕಡ್ಡಿಯನ್ನು ಒಳಗೆ ತೂರಿಸಬಾರದು. ಕಾಫಿಪುಡಿಯಂತಹ ಕಪ್ಪು ಕಸ ಕಂಡುಬಂದಲ್ಲಿ ಅದು ಕಿವಿನುಸಿಯ ಲಕ್ಷಣವಾಗಿರಬಹುದು. ಕೊಬ್ಬರಿ ಎಣ್ಣೆ ಬಿಟ್ಟು ಕಾಯದೆ ತೋರಿಸಬೇಕು.

ಹುಳುಕಡ್ಡಿ: ಇದು ಬೆಕ್ಕಿನಿಂದ ಮನುಷ್ಯರಿಗೆ, ಮುಖ್ಯವಾಗಿ ಮಕ್ಕಳಿಗೆ ಹರಡುತ್ತದೆ. ಬೆಕ್ಕಿಗೂ ಮನೆಯವರಿಗೂ ಒಟ್ಟಿಗೆ ಕಲೆಗಳು ಕಾಣಿಸಿಕೊಂಡಲ್ಲಿ ಇಬ್ಬರಿಗೂ ಏಕಕಾಲದಲ್ಲಿ ಚಿಕಿತ್ಸೆಯಾಗಬೇಕು. ಬೆಕ್ಕಿಗೆ ಪಶುವೈದ್ಯರಿಂದ, ಮನೆಯವರಿಗೆ ಚರ್ಮರೋಗ ವೈದ್ಯರಿಂದ ಔಷಧಿ ಪಡೆಯತಕ್ಕದ್ದು. ಒಬ್ಬರ ಮುಲಾಮನ್ನು ಇನ್ನೊಬ್ಬರಿಗೆ ಹಚ್ಚಬಾರದು. ಬೆಕ್ಕಿನ ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆದು ಸಂಪೂರ್ಣ ಒಣಗಿಸಬೇಕು. ಮಳೆಗಾಲಕ್ಕೆಂದು ಕನಿಷ್ಠ ಮೂರು ಜೊತೆ ಹಾಸಿಗೆ ಬಟ್ಟೆ ಇಟ್ಟುಕೊಳ್ಳುವುದು ಒಳ್ಳೆಯದು.

ಬಿಸಿಯ ಆಕರ್ಷಣೆ: ರೋಮ ಕಡಿಮೆಯಿರುವ ಈ ಬೆಕ್ಕು ಬೆಚ್ಚನೆಯ ಸ್ಥಳವನ್ನು ಹುಡುಕಿಕೊಂಡು ಹೋಗುತ್ತದೆ. ಬಚ್ಚಲ ಒಲೆಯ ಬೂದಿಯಲ್ಲಿ ಮಲಗುವುದು, ಆಗತಾನೇ ನಿಲ್ಲಿಸಿದ ವಾಹನದ ಎಂಜಿನ್ ಬಳಿ ಸೇರುವುದು ಇದಕ್ಕೆ ಉದಾಹರಣೆ. ರೋಮದ ರಕ್ಷಣೆಯಿಲ್ಲದ ಕಾರಣ ಸುಟ್ಟ ಗಾಯ ಬೇಗ ಆಳವಾಗುತ್ತದೆ. ಒಲೆಗೆ ಬೆಂಕಿ ಹಾಕುವ ಮುನ್ನ ಹಾಗೂ ವಾಹನ ಚಾಲನೆ ಮಾಡುವ ಮುನ್ನ ಬೆಕ್ಕು ಎಲ್ಲಿದೆ ಎಂದು ನೋಡಿಕೊಳ್ಳಬೇಕು.

ಬಿಸಿಲು: ಮಾರ್ಚ್‌ನಿಂದ ಮೇ ತಿಂಗಳವರೆಗೆ ನಡುಹಗಲಿನ ಬಿಸಿಲಿನಲ್ಲಿ ಕಿವಿಯ ತುದಿ ಮತ್ತು ಮೂಗು ಸುಡುತ್ತವೆ. ಬಿಳಿ ಬಣ್ಣದ ಬೆಕ್ಕುಗಳಿಗೆ ಅಪಾಯ ಹೆಚ್ಚು. ಬಾಯಿ ತೆರೆದು ಏದುಸಿರು ಬಿಡುವುದು ಬೆಕ್ಕಿನಲ್ಲಿ ಸಹಜವಲ್ಲ. ಕೂಡಲೇ ನೆರಳಿಗೆ ತಂದು, ಮೈಯನ್ನು ನೀರಿನಿಂದ ಒದ್ದೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಈ ಎಲ್ಲ ಕಾರಣಗಳಿಂದ ಡೆವನ್ ರೆಕ್ಸ್ ಬೆಕ್ಕನ್ನು ಮನೆಯೊಳಗೇ ಸಾಕುವುದು ಸೂಕ್ತ. ಕಿಟಕಿಗಳಿಗೆ ಜಾಲರಿ, ಅಂಗಳದ ಬಾವಿಗೆ ಬಲೆ ಹಾಕಿಸಬೇಕು.

7. ಆಹಾರ

ಬೆಕ್ಕು ಮಾಂಸಾಹಾರಿ ಪ್ರಾಣಿ. ಟಾರಿನ್ ಎಂಬ ಪೋಷಕಾಂಶವನ್ನು ಅದು ತನ್ನ ದೇಹದಲ್ಲಿ ಸಾಕಷ್ಟು ತಯಾರಿಸಿಕೊಳ್ಳಲಾರದು. ಇದು ಮಾಂಸ ಮತ್ತು ಮೀನಿನಲ್ಲಿ ಮಾತ್ರ ಸಮೃದ್ಧವಾಗಿದೆ. ಟಾರಿನ್ ಕೊರತೆಯಿಂದ ಕುರುಡುತನ ಮತ್ತು ಹೃದಯ ದುರ್ಬಲವಾಗುವ ರೋಗ ಬರುತ್ತವೆ. ಹಾಲು ಅನ್ನ ಮಾತ್ರ ನೀಡಿ ಬೆಕ್ಕನ್ನು ಸಾಕಲಾಗದು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ.

ಕರಾವಳಿಯಲ್ಲಿ ಬೆಕ್ಕಿಗೆ ಮೀನು ಹಾಕುವುದು ವಾಡಿಕೆ. ಮೀನು ಒಳ್ಳೆಯ ಆಹಾರವೇ ಆದರೂ ಮೀನೊಂದನ್ನೇ ಹಾಕುವುದು ಸರಿಯಲ್ಲ. ಕಾರಣಗಳು ಹೀಗಿವೆ:

ಅ) ತಾರ್ಲೆಯಂತಹ ಹಸಿ ಮೀನಿನಲ್ಲಿರುವ ಥಯಾಮಿನೇಸ್ ಎಂಬ ಅಂಶವು ವಿಟಮಿನ್ ಬಿ1 ಅನ್ನು ನಾಶಪಡಿಸುತ್ತದೆ. ಕೊರತೆ ಹೆಚ್ಚಿದಲ್ಲಿ ಬೆಕ್ಕು ತಲೆ ಬಗ್ಗಿಸಿ ತೂರಾಡುತ್ತದೆ, ಸೆಳವು ಬರುತ್ತದೆ. ಬೇಯಿಸಿದರೆ ಈ ಅಂಶ ನಾಶವಾಗುತ್ತದೆ.

ಆ) ಎಣ್ಣೆಯಂಶ ಹೆಚ್ಚಿರುವ ಮೀನನ್ನೇ ಸತತವಾಗಿ ನೀಡಿದರೆ ವಿಟಮಿನ್ ಇ ಕೊರತೆಯಾಗಿ ಚರ್ಮದಡಿಯ ಕೊಬ್ಬು ಊದಿಕೊಳ್ಳುತ್ತದೆ, ಮುಟ್ಟಿದರೆ ಬೆಕ್ಕು ನೋವಿನಿಂದ ಚೀರುತ್ತದೆ.

ಇ) ಬಂಗಡೆಯಂತಹ ಮೀನು ಹೊತ್ತು ಮೀರಿದರೆ ಅದರಲ್ಲಿ ಹಿಸ್ಟಮಿನ್ ಉಂಟಾಗುತ್ತದೆ. ಇದು ಬೇಯಿಸಿದರೂ ಹೋಗುವುದಿಲ್ಲ. ಮನೆಯವರು ತಿನ್ನಲಾರದ ಮೀನನ್ನು ಬೆಕ್ಕಿಗೂ ಹಾಕಬಾರದು.

ಪ್ರತಿ ವರ್ಷ ಜೂನ್ 1 ರಿಂದ ಜುಲೈ 31 ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆ ನಿಷೇಧವಿರುತ್ತದೆ. ಈ ಅವಧಿಯಲ್ಲಿ ತಾಜಾ ಮೀನು ಕಡಿಮೆಯಾಗಿ ಒಣಮೀನಿನ ಬಳಕೆ ಹೆಚ್ಚುತ್ತದೆ. ಒಣಮೀನಿನಲ್ಲಿ ಉಪ್ಪು ಅಧಿಕವಿರುವುದರಿಂದ ಅದನ್ನು ಬೆಕ್ಕಿನ ನಿತ್ಯದ ಆಹಾರವಾಗಿ ನೀಡಬಾರದು. ಮೀನಿಗೆ ಮಾತ್ರ ಒಗ್ಗಿದ ಬೆಕ್ಕು ಈ ದಿನಗಳಲ್ಲಿ ಬೇರೆ ಆಹಾರ ಮುಟ್ಟದೆ ಉಪವಾಸ ಬೀಳುವ ಸಂಭವವಿದೆ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದಲ್ಲಿ ಯಕೃತ್ತಿನಲ್ಲಿ ಕೊಬ್ಬು ತುಂಬುವ ಗಂಭೀರ ರೋಗ ಬರಬಹುದು. ಆದುದರಿಂದ ಮೇ ತಿಂಗಳಿನಲ್ಲಿಯೇ ಬೇಯಿಸಿದ ಕೋಳಿಮಾಂಸ, ಮೊಟ್ಟೆ ಹಾಗೂ ‘ಸಂಪೂರ್ಣ ಆಹಾರ’ ಎಂದು ನಮೂದಿಸಿರುವ ಸಿದ್ಧ ಬೆಕ್ಕಿನ ಆಹಾರಕ್ಕೆ ಕ್ರಮೇಣ ಒಗ್ಗಿಸತಕ್ಕದ್ದು. ಸಿದ್ಧ ಆಹಾರದ ಚೀಲ ತೆರೆದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿರಿಸಬೇಕು. ಮಳೆಗಾಲದಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ. ಮುಳ್ಳು ತೆಗೆಯದ ಮೀನು, ಈರುಳ್ಳಿ, ಬೆಳ್ಳುಳ್ಳಿ ಮತ್ತು ಮಸಾಲೆ ಸೇರಿದ ಸಾರಿನ ಅನ್ನ ನೀಡಬಾರದು.

8. ಲಸಿಕೆ ಮತ್ತು ಇತರ ಚಿಕಿತ್ಸೆಗಳ ವೇಳಾಪಟ್ಟಿ

• 3ನೇ ವಾರದಿಂದ: ಜಂತುನಾಶಕ ಔಷಧಿ, ಪಶುವೈದ್ಯರು ತಿಳಿಸುವ ಅಂತರದಲ್ಲಿ.

• 6 ರಿಂದ 8ನೇ ವಾರ: ಪ್ಯಾನ್‌ಲ್ಯೂಕೋಪೀನಿಯಾ ಮತ್ತು ಬೆಕ್ಕಿನ ಶೀತಜ್ವರ ರೋಗಗಳ ವಿರುದ್ಧ ಸಂಯುಕ್ತ ಲಸಿಕೆಯ ಮೊದಲ ಡೋಸ್, ನಂತರ 3 ರಿಂದ 4 ವಾರಗಳಿಗೊಮ್ಮೆ 16 ವಾರದವರೆಗೆ.

• 12ನೇ ವಾರ ಮತ್ತು ನಂತರ: ರೇಬೀಸ್ ಲಸಿಕೆ, ತದನಂತರ ಪಶುವೈದ್ಯರು ಸೂಚಿಸುವಂತೆ ಪ್ರತಿ ವರ್ಷ.

• 5 ರಿಂದ 6ನೇ ತಿಂಗಳು: ಸಂತಾನಹರಣ ಶಸ್ತ್ರಚಿಕಿತ್ಸೆ. ಹೆಣ್ಣು ಬೆಕ್ಕು ಈ ವಯಸ್ಸಿನಲ್ಲಿಯೇ ಬೆದೆಗೆ ಬರಬಹುದು. ಗರ್ಭಾವಧಿ ಸುಮಾರು 63 ರಿಂದ 65 ದಿನ.

ಮನೆಯಿಂದ ಹೊರಗೆ ಹೋಗದ ಬೆಕ್ಕಿಗೂ ಲಸಿಕೆ ಕಡ್ಡಾಯವಾಗಿ ಹಾಕಿಸಬೇಕು. ಪ್ಯಾನ್‌ಲ್ಯೂಕೋಪೀನಿಯಾ ರೋಗಾಣು ಚಪ್ಪಲಿ, ಬಟ್ಟೆಗಳ ಮೂಲಕವೂ ಒಳಗೆ ಬರುತ್ತದೆ.

9. ಆನುವಂಶಿಕ ಕಾಯಿಲೆಗಳು

ಡೆವನ್ ರೆಕ್ಸ್ ತಳಿಯಲ್ಲಿ ಕೆಲವು ಕಾಯಿಲೆಗಳು ವಂಶದಿಂದ ಬರುತ್ತವೆ. ಸ್ನಾಯು ದೌರ್ಬಲ್ಯ ರೋಗವು ಮರಿಯಾಗಿರುವಾಗಲೇ ಕಾಣಿಸಿಕೊಳ್ಳುತ್ತದೆ. ಕುತ್ತಿಗೆ ಎತ್ತಲಾಗದೆ ತಲೆ ಜೋತುಬೀಳುವುದು, ಸ್ವಲ್ಪ ಓಡಿದರೂ ಕುಸಿಯುವುದು, ಮುಂಗಾಲುಗಳನ್ನು ಯಾವುದಾದರೂ ವಸ್ತುವಿನ ಮೇಲೆ ಊರಿ ನಿಲ್ಲುವುದು ಇದರ ಲಕ್ಷಣ. ಆಹಾರ ಗಂಟಲಿಗೆ ಸಿಕ್ಕಿ ಸಾವು ಸಂಭವಿಸಬಹುದು. ತಂದೆ ತಾಯಿ ಎರಡರಿಂದಲೂ ದೋಷಪೂರಿತ ವಂಶವಾಹಿ ಬಂದಾಗ ಮಾತ್ರ ರೋಗ ಪ್ರಕಟವಾಗುವುದರಿಂದ, ಮರಿ ಮಾಡಿಸುವ ಮುನ್ನ ಆನುವಂಶಿಕ ಪರೀಕ್ಷೆ ಮಾಡಿಸುವುದು ಅವಶ್ಯಕ.

ಈ ತಳಿಯ ಕೆಲವು ಬೆಕ್ಕುಗಳಲ್ಲಿ ವಿಟಮಿನ್ ಕೆ ಅವಲಂಬಿಸಿದ ರಕ್ತ ಹೆಪ್ಪುಗಟ್ಟುವ ಅಂಶಗಳು ಕಡಿಮೆಯಿದ್ದು, ಸಣ್ಣ ಶಸ್ತ್ರಚಿಕಿತ್ಸೆಯಲ್ಲಿಯೂ ರಕ್ತಸ್ರಾವ ನಿಲ್ಲದಿರಬಹುದು. ರಕ್ತದ ಗುಂಪು ಸಹ ನಾಡು ಬೆಕ್ಕುಗಳಲ್ಲಿ ಸಾಮಾನ್ಯವಾದ ‘ಎ’ ಗುಂಪಿನ ಬದಲು ‘ಬಿ’ ಆಗಿರುವ ಸಾಧ್ಯತೆ ಈ ತಳಿಯಲ್ಲಿ ಹೆಚ್ಚು. ಆದ್ದರಿಂದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಕರೆತಂದಾಗ ಬೆಕ್ಕಿನ ತಳಿಯನ್ನು ವೈದ್ಯಾಧಿಕಾರಿಗಳಿಗೆ ಮೊದಲೇ ತಿಳಿಸತಕ್ಕದ್ದು. ಹೃದಯದ ಸ್ನಾಯು ದಪ್ಪವಾಗುವ ರೋಗ ಮತ್ತು ಹಿಂಗಾಲಿನ ಮಂಡಿಚಿಪ್ಪು ಜಾರುವ ತೊಂದರೆಯೂ ಈ ತಳಿಯಲ್ಲಿ ಕಂಡುಬರುತ್ತವೆ.

ರಕ್ತದ ಗುಂಪು, ಹೃದಯದ ಸ್ಕ್ಯಾನಿಂಗ್ ಮೊದಲಾದ ಎಲ್ಲ ಪರೀಕ್ಷೆಗಳೂ ತಾಲ್ಲೂಕು ಮಟ್ಟದಲ್ಲಿ ದೊರೆಯುತ್ತವೆಂದು ಭಾವಿಸಬಾರದು. ಅವಶ್ಯವಿದ್ದಲ್ಲಿ ವೈದ್ಯಾಧಿಕಾರಿಗಳ ಶಿಫಾರಸಿನ ಮೇರೆಗೆ ಶಿವಮೊಗ್ಗ ಅಥವಾ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯಗಳನ್ನು ಸಂಪರ್ಕಿಸಬಹುದು.

10. ಮನೆಯಲ್ಲಿರುವ ಅಪಾಯಕಾರಿ ವಸ್ತುಗಳು

ಅ) ಪ್ಯಾರಸಿಟಮಾಲ್: ಬೆಕ್ಕಿನ ಯಕೃತ್ತು ಈ ಔಷಧಿಯನ್ನು ವಿಸರ್ಜಿಸಲಾರದು. ಒಂದೇ ಮಾತ್ರೆ ಪ್ರಾಣಕ್ಕೆ ಎರವಾಗಬಹುದು. ಜ್ವರವೆಂದು ಯಾವ ಕಾರಣಕ್ಕೂ ನೀಡಬಾರದು.

ಆ) ನಾಯಿಗಳಿಗೆ ಬಳಸುವ ಪರ್ಮೆಥ್ರಿನ್ ಇರುವ ಉಣುಗು ನಾಶಕ: ಬೆಕ್ಕಿಗೆ ಹಚ್ಚಿದರೆ ನಡುಕ ಮತ್ತು ಸೆಳವು ಉಂಟಾಗುತ್ತದೆ.

ಇ) ಫಿನಾಯಿಲ್: ನೆಲ ಒರೆಸಿದ ಮೇಲೆ ಬೆಕ್ಕು ಓಡಾಡಿ ಪಾದ ನೆಕ್ಕಿದಾಗ ಹೊಟ್ಟೆ ಸೇರುತ್ತದೆ. ಡೆವನ್ ರೆಕ್ಸ್‌ನ ಬರಿ ಚರ್ಮಕ್ಕೆ ನೇರವಾಗಿಯೂ ಉರಿ ತರುತ್ತದೆ. ನೆಲ ಸಂಪೂರ್ಣ ಒಣಗುವವರೆಗೆ ಬೆಕ್ಕನ್ನು ಬಿಡಬಾರದು.

ಈ) ನುಸಿಗುಳಿಗೆ: ಮಳೆಗಾಲದಲ್ಲಿ ಕಪಾಟುಗಳಲ್ಲಿ ಇಡುವ ರೂಢಿಯಿದೆ. ಬೆಚ್ಚನೆಯ ಬಟ್ಟೆಗಳ ನಡುವೆ ಮಲಗಲು ಬರುವ ಬೆಕ್ಕಿಗೆ ಇದು ವಿಷ.

ಉ) ಇಲಿ ಪಾಷಾಣ: ತೋಟ, ಗೋದಾಮುಗಳಲ್ಲಿ ಇಡುವ ಹಲವು ಇಲಿ ಪಾಷಾಣಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ಮೊದಲೇ ಈ ದೋಷವಿರುವ ಡೆವನ್ ರೆಕ್ಸ್‌ಗೆ ಅಪಾಯ ಇಮ್ಮಡಿ. ಬೆಕ್ಕು ತಿಂದಿರುವ ಅನುಮಾನವಿದ್ದಲ್ಲಿ ಪೊಟ್ಟಣದ ಸಹಿತ ಆಸ್ಪತ್ರೆಗೆ ತರಬೇಕು.

11. ಬೆಕ್ಕು ಕಚ್ಚಿದಾಗ ಅಥವಾ ಪರಚಿದಾಗ

ರೇಬೀಸ್ ರೋಗವು ನಾಯಿಯಿಂದ ಮಾತ್ರವಲ್ಲದೆ ಬೆಕ್ಕಿನಿಂದಲೂ ಬರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗ ಬಹುತೇಕ ಮಾರಣಾಂತಿಕ. ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ಅದೇ ದಿನ ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ, ಅಂಕೋಲಾ ತಾಲ್ಲೂಕು ಆಸ್ಪತ್ರೆ ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೆರಳಿ, ವೈದ್ಯರು ತಿಳಿಸಿದ ದಿನಾಂಕಗಳಂದು ತಪ್ಪದೆ ಚುಚ್ಚುಮದ್ದು ಪಡೆಯಬೇಕು. ಬೆಕ್ಕಿಗೆ ಲಸಿಕೆಯಾಗಿದೆ ಎಂಬ ಕಾರಣದಿಂದ ವೈದ್ಯರ ಭೇಟಿಯನ್ನು ಕೈಬಿಡಬಾರದು. ಕಚ್ಚಿದ ಬೆಕ್ಕನ್ನು ಕೊಲ್ಲದೆ, ಓಡಿಸದೆ 10 ದಿನಗಳ ಕಾಲ ನಿಗಾದಲ್ಲಿ ಇರಿಸತಕ್ಕದ್ದು.

ಗರ್ಭಿಣಿಯರು ಬೆಕ್ಕಿನ ಮಲದ ತಟ್ಟೆಯನ್ನು ತೆಗೆಯಬಾರದು. ಮನೆಯ ಬೇರೆಯವರು ಪ್ರತಿದಿನ ತಪ್ಪದೆ ಸ್ವಚ್ಛಗೊಳಿಸಿದಲ್ಲಿ ಟಾಕ್ಸೊಪ್ಲಾಸ್ಮಾ ಸೋಂಕಿನ ಅಪಾಯ ಬಹಳ ಕಡಿಮೆಯಾಗುತ್ತದೆ. ಬೆಕ್ಕನ್ನು ಮನೆಯಿಂದ ಹೊರಹಾಕುವ ಅವಶ್ಯಕತೆಯಿಲ್ಲ.

12. ಪ್ರಯಾಣ, ಆಮದು ಮತ್ತು ಕಾನೂನು

ವಿದೇಶದಿಂದ ಬೆಕ್ಕನ್ನು ತರುವವರು ಕೇಂದ್ರ ಸರ್ಕಾರದ ಪ್ರಾಣಿ ಸಂಗರೋಧ ಮತ್ತು ಪ್ರಮಾಣೀಕರಣ ಸೇವೆಯಿಂದ ನಿರಾಕ್ಷೇಪಣಾ ಪತ್ರವನ್ನು ಮುಂಚಿತವಾಗಿ ಪಡೆದು, ಸಂಗರೋಧ ಕೇಂದ್ರವಿರುವ ಬೆಂಗಳೂರು, ಮುಂಬಯಿ ಮೊದಲಾದ ವಿಮಾನ ನಿಲ್ದಾಣಗಳ ಮೂಲಕವೇ ತರಬೇಕು. ಟಿಕೆಟ್ ಕಾಯ್ದಿರಿಸುವ ಮುನ್ನ ಇದನ್ನು ವಿಚಾರಿಸುವುದು ಒಳ್ಳೆಯದು. ಕೊಂಕಣ ರೈಲಿನಲ್ಲಿ ಕರೆದೊಯ್ಯುವವರು ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ನಿಯಮಗಳನ್ನು ತಿಳಿದು, ನೋಂದಾಯಿತ ಪಶುವೈದ್ಯರಿಂದ ಆರೋಗ್ಯ ಪ್ರಮಾಣ ಪತ್ರ ಪಡೆದಿರಬೇಕು.

ಬೆಕ್ಕನ್ನು ಮೀನು ಮಾರುಕಟ್ಟೆ, ಕಡಲತೀರ ಅಥವಾ ಹೆದ್ದಾರಿ ಬದಿಯಲ್ಲಿ ಬಿಟ್ಟುಬರುವವರಿದ್ದಾರೆ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಕಲಂ 11ರನ್ವಯ ಅಪರಾಧ. ಮನೆಯೊಳಗೆ ಬೆಳೆದ ತೆಳು ರೋಮದ ಬೆಕ್ಕು ಒಂದು ಮಳೆಗಾಲವನ್ನೂ ಹೊರಗೆ ದಾಟಲಾರದು. ಸಾಕಲು ಆಗದಿದ್ದಲ್ಲಿ ಪರಿಚಿತರಿಗೆ ಬರವಣಿಗೆಯ ಮೂಲಕ ಹಸ್ತಾಂತರಿಸತಕ್ಕದ್ದು.

ಗಂಗಾವಳಿ ಮತ್ತು ಕಾಳಿ ನದಿಗಳ ದಡದಲ್ಲಿ 2019 ಮತ್ತು 2021ರಲ್ಲಿ ಪ್ರವಾಹ ಬಂದಿತ್ತು. ದಿನಾಂಕ 16-7-2024ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಸಂಚಾರ ಸ್ಥಗಿತಗೊಂಡಿತ್ತು. ಇಂತಹ ಸಂದರ್ಭಗಳಿಗಾಗಿ ಎರಡು ವಾರಕ್ಕಾಗುವಷ್ಟು ಆಹಾರ, ನಿತ್ಯದ ಔಷಧಿ, ಒಣ ಬಟ್ಟೆ ಮತ್ತು ಬುಟ್ಟಿಯನ್ನು ಜೂನ್‌ಗೆ ಮುನ್ನವೇ ಸಿದ್ಧವಾಗಿಟ್ಟುಕೊಳ್ಳಬೇಕು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಈ ಬೆಕ್ಕು ರೋಮ ಉದುರಿಸುವುದಿಲ್ಲವೇ?
ಉತ್ತರ: ಉದುರಿಸುತ್ತದೆ. ರೋಮ ಗಿಡ್ಡವಾದ್ದರಿಂದ ಕಣ್ಣಿಗೆ ಕಾಣುವುದು ಕಡಿಮೆ.

ಪ್ರಶ್ನೆ: ನಾಡು ಬೆಕ್ಕಿನೊಡನೆ ಕೂಡಿಸಿದರೆ ಗುಂಗುರು ಮರಿಗಳು ಹುಟ್ಟುತ್ತವೆಯೇ?
ಉತ್ತರ: ಸಾಮಾನ್ಯವಾಗಿ ಇಲ್ಲ. ಈ ಗುಣವು ತಂದೆ ತಾಯಿ ಎರಡರಿಂದಲೂ ಬರಬೇಕು. ಮರಿಗಳು ನೇರ ರೋಮದವಾಗಿರುತ್ತವೆ.

ಪ್ರಶ್ನೆ: ಮಳೆಗಾಲದಲ್ಲಿ ಬೆಕ್ಕಿಗೆ ಅಂಗಿ ತೊಡಿಸಬಹುದೇ?
ಉತ್ತರ: ಒಣಗಿದ ಹತ್ತಿ ಬಟ್ಟೆಯನ್ನು ಸ್ವಲ್ಪ ಹೊತ್ತು ತೊಡಿಸಬಹುದು. ಒದ್ದೆಯಾದ ಅಂಗಿ ಚರ್ಮರೋಗಕ್ಕೆ ದಾರಿ. ಒಣ ಹಾಸಿಗೆ ಹೆಚ್ಚು ಉಪಯುಕ್ತ.

ಪ್ರಶ್ನೆ: ಮೊದಲ ಬಾರಿಗೆ ಬೆಕ್ಕು ಸಾಕುವವರಿಗೆ ಯಾವುದು ಸೂಕ್ತ?
ಉತ್ತರ: ಇಲ್ಲಿನ ಹವೆಗೆ ಒಗ್ಗಿದ ನಾಡು ಬೆಕ್ಕು ಸೂಕ್ತ. ದಿನವೂ ಮನೆಯಲ್ಲಿ ಯಾರಾದರೂ ಇರುವ ಹಾಗೂ ವಾರವಾರವೂ ಚರ್ಮ, ಕಿವಿ ನೋಡಿಕೊಳ್ಳಬಲ್ಲ ಕುಟುಂಬಗಳು ಮಾತ್ರ ಡೆವನ್ ರೆಕ್ಸ್ ಬಗ್ಗೆ ಯೋಚಿಸಬಹುದು.

14. ಪಶು ಆಸ್ಪತ್ರೆಗೆ ಬರುವಾಗ

ಬೆಕ್ಕನ್ನು ಕೈಯಲ್ಲಿ ಹಿಡಿದು ತಾರದೆ ಮುಚ್ಚಳವಿರುವ ಬುಟ್ಟಿಯಲ್ಲಿ ತರಬೇಕು. ಲಸಿಕೆ ಪುಸ್ತಕ, ಹಿಂದಿನ ಚಿಕಿತ್ಸೆಯ ಚೀಟಿ ಮತ್ತು ಹಚ್ಚಿರುವ ಅಥವಾ ಕುಡಿಸಿರುವ ಔಷಧಿಗಳನ್ನು ಜೊತೆಗೆ ತರುವುದು. ಚರ್ಮದ ತೊಂದರೆಗಾಗಿ ಬರುವವರು ಹಿಂದಿನ ದಿನ ಸ್ನಾನ ಮಾಡಿಸುವುದಾಗಲಿ, ಮುಲಾಮು ಹಚ್ಚುವುದಾಗಲಿ ಮಾಡಬಾರದು. ಇದರಿಂದ ಪರೀಕ್ಷೆಗೆ ಅಡಚಣೆಯಾಗುತ್ತದೆ. ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ತಾಲ್ಲೂಕು ಪಶು ಆಸ್ಪತ್ರೆಯ ಮುಖ್ಯ ಪಶುವೈದ್ಯಾಧಿಕಾರಿಗಳನ್ನು ಕಚೇರಿ ವೇಳೆಯಲ್ಲಿ ಖುದ್ದಾಗಿ ಭೇಟಿ ಮಾಡಬಹುದು.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ರೋಗಪೀಡಿತ ಬೆಕ್ಕಿಗೆ ಇದನ್ನು ನೋಡಿ ಮನೆಯಲ್ಲಿಯೇ ಚಿಕಿತ್ಸೆ ಮಾಡದೆ ಪಶುವೈದ್ಯರ ಸಲಹೆಯಂತೆ ನಡೆದುಕೊಳ್ಳತಕ್ಕದ್ದು.